ಜಿಗಿಹುಳು ಯಾರ ಗದ್ದೆಯಿಂದ ಬಂತು?

ಪ್ರೀತಿಯ ಸಹೋದರಿಯರೇ,

ಭತ್ತ ತೆನೆ ಬಿಡುವ ಹೊತ್ತಿಗೆ ನಮ್ಮ ಸಂಘಗಳ ವಾರದ ಸಭೆಯಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಒಂದು, "ಔಷಧಿ ಹೊಡೆಸಬೇಕು, ಅರ್ಜೆಂಟಾಗಿ ಸಾಲ ಬೇಕು." ಇನ್ನೊಂದು, "ಪಕ್ಕದವರು ಸರಿಯಾಗಿ ಔಷಧಿ ಹೊಡೀಲಿಲ್ಲ, ಅವರ ಗದ್ದೆ ಹುಳಾನೇ ನಮ್ಮ ಗದ್ದೆಗೆ ಬಂತು." ಮೊದಲನೆಯ ಮಾತಿನಿಂದ ಸಂಘದ ಹಣ ಖರ್ಚಾಗುತ್ತೆ. ಎರಡನೆಯದರಿಂದ ಸಂಘದ ಒಗ್ಗಟ್ಟೇ ಹಾಳಾಗುತ್ತೆ. ಬದುವಿನ ಮೇಲೆ ಶುರುವಾದ ಜಗಳ ಸಭೆಗೆ ಬರುತ್ತೆ, ಇಬ್ಬರು ಪಕ್ಕಪಕ್ಕ ಕೂರುವುದಿಲ್ಲ, ಕೊನೆಗೆ ಒಬ್ಬರು ಕಂತು ಕಟ್ಟುವುದನ್ನೇ ನಿಲ್ಲಿಸುತ್ತಾರೆ. ಕೆಲವು ಕಡೆ ಯಾರದೋ ದೃಷ್ಟಿ ಬಿತ್ತು, ಮಾಟ ಮಾಡಿಸಿದ್ದಾರೆ ಎಂದು ಪಾಪದ ಒಂಟಿ ಹೆಂಗಸಿನ ಮೇಲೆ ಹೊರಿಸುವುದೂ ಉಂಟು.

ಆದ್ದರಿಂದ ಈ ಸಲ ಈ ಹುಳುವಿನ ಬಗ್ಗೆಯೇ ತಿಳಿದುಕೊಳ್ಳೋಣ. ಅದು ಎಲ್ಲಿಂದ ಬರುತ್ತೆ? ಎಲ್ಲ ಊರಿನ ಜಿಗಿಹುಳುವೂ ಒಂದೇನಾ? ಔಷಧಿ ಹೊಡೆದರೂ ಯಾಕೆ ಸಾಯುತ್ತಿಲ್ಲ? ವಿಜ್ಞಾನಿಗಳು ಐವತ್ತು-ಅರವತ್ತು ವರ್ಷಗಳಿಂದ ಇವೇ ಪ್ರಶ್ನೆಗಳನ್ನು ಕೇಳುತ್ತಾ ಬಂದಿದ್ದಾರೆ. ಅವರು ಕಂಡುಕೊಂಡದ್ದು ನಮಗೂ ಉಪಯೋಗಕ್ಕೆ ಬರುತ್ತೆ.

ಈ ಹುಳು ಯಾವುದು?

ಇದರ ಹೆಸರು ಕಂದು ಜಿಗಿಹುಳು. ಎಳ್ಳಿನ ಕಾಳಿಗಿಂತ ಸ್ವಲ್ಪ ದೊಡ್ಡದು. ಭತ್ತವೇ ಇದರ ಊಟ. ಎಲೆಯ ಮೇಲೆ ಕೂರುವುದಿಲ್ಲ, ನೀರಿಗೆ ಸ್ವಲ್ಪ ಮೇಲೆ, ಪೈರಿನ ಬುಡದಲ್ಲಿ ಕೂತು ರಸ ಹೀರುತ್ತೆ. ಅದಕ್ಕೇ ಬದುವಿನ ಮೇಲೆ ನಿಂತು ನೋಡಿದರೆ ಗದ್ದೆ ಹಸಿರಾಗಿಯೇ ಕಾಣುತ್ತೆ. ಒಂದು ದಿನ ಇದ್ದಕ್ಕಿದ್ದಂತೆ ಗದ್ದೆಯ ನಡುವೆ ದುಂಡಗೆ, ಬೆಂಕಿ ಬಿದ್ದು ಸುಟ್ಟ ಹಾಗೆ ಪೈರು ಒಣಗುತ್ತೆ. ಆಮೇಲೆ ತೆನೆಯಲ್ಲಿ ಜೊಳ್ಳೇ ಜಾಸ್ತಿ. ರಸ ಹೀರುವುದರ ಜೊತೆಗೆ ಇದು ಭತ್ತಕ್ಕೆ ಎರಡು ನಂಜುರೋಗಗಳನ್ನೂ ಹರಡುತ್ತೆ.

ಮೊಟ್ಟೆಯಿಂದ ದೊಡ್ಡ ಹುಳು ಆಗುವುದಕ್ಕೆ ಸುಮಾರು ಒಂದು ತಿಂಗಳು ಸಾಕು. ಒಂದು ಹೆಣ್ಣು ಇನ್ನೂರು-ಮುನ್ನೂರು ಮೊಟ್ಟೆ ಇಡಬಲ್ಲದು. ಇದು ನಮಗೆ ಗೊತ್ತಿರುವ ಚಕ್ರಬಡ್ಡಿಯ ಲೆಕ್ಕವೇ. ಒಂದು ಹೆಣ್ಣಿನ ಮರಿಗಳಲ್ಲಿ ಬರೀ 20 ಉಳಿದವು, ಅದರಲ್ಲಿ ಅರ್ಧ ಹೆಣ್ಣು ಅಂತ ಇಟ್ಟುಕೊಳ್ಳಿ. ಮೊದಲ ತಿಂಗಳಿಗೆ 20, ಎರಡನೇ ತಿಂಗಳಿಗೆ 200, ಮೂರನೇ ತಿಂಗಳಿಗೆ 2000. ಜೇಡ ಮುಂತಾದವು ತಿಂದು 20ರ ಬದಲು 10 ಮಾತ್ರ ಉಳಿದರೆ? ಮೊದಲು 10, ಆಮೇಲೆ 50, ಮೂರನೇ ತಿಂಗಳಿಗೆ 250. ಈ ಲೆಕ್ಕವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತೆ.

ಗಿಡ್ಡ ರೆಕ್ಕೆ, ಉದ್ದ ರೆಕ್ಕೆ

ಜಿಗಿಹುಳುವಿನಲ್ಲಿ ಎರಡು ರೂಪಗಳಿವೆ. ಗಿಡ್ಡ ರೆಕ್ಕೆಯದು ಹಾರಲಾರದು, ಇದ್ದ ಗದ್ದೆಯಲ್ಲೇ ಸಂಸಾರ ಹೂಡುತ್ತೆ, ಹೆಚ್ಚು ಮೊಟ್ಟೆ ಇಡುತ್ತೆ. ಉದ್ದ ರೆಕ್ಕೆಯದು ಹಾರಿಹೋಗುತ್ತೆ. ಪೈರು ಎಳೆಯದಿದ್ದು ಊಟ ಚೆನ್ನಾಗಿರುವಾಗ ಗಿಡ್ಡ ರೆಕ್ಕೆಯವು ಜಾಸ್ತಿ. ಪೈರು ಬಲಿತು, ಹುಳು ಕಿಕ್ಕಿರಿದು, ಊಟ ಕಡಿಮೆಯಾದಾಗ ಉದ್ದ ರೆಕ್ಕೆಯವು ಹೆಚ್ಚುತ್ತವೆ. ಒಂದೇ ತಾಯಿಯ ಮಕ್ಕಳಲ್ಲಿ ಹೀಗೆ ಎರಡು ರೂಪ ಬರುವುದಕ್ಕೆ ಹುಳುವಿನ ದೇಹದೊಳಗಿನ ಯಾವ ವ್ಯವಸ್ಥೆ ಕಾರಣ ಎಂಬುದನ್ನು ಚೀನಾದ ವಿಜ್ಞಾನಿಗಳು 2015ರಲ್ಲಿ ಕಂಡುಹಿಡಿದರು. ನಮ್ಮ ದೇಹದಲ್ಲಿ ಸಕ್ಕರೆ ಕಾಯಿಲೆಗೆ ಸಂಬಂಧಪಟ್ಟ ಇನ್ಸುಲಿನ್ ಇದೆಯಲ್ಲ, ಅದೇ ತರಹದ ಸಂದೇಶ ಹುಳುವಿನಲ್ಲಿ ರೆಕ್ಕೆ ಉದ್ದ ಆಗಬೇಕೋ ಗಿಡ್ಡ ಆಗಬೇಕೋ ಎಂದು ತೀರ್ಮಾನಿಸುತ್ತೆ.

ನಮ್ಮ ಊರುಗಳಲ್ಲೂ ಕೆಲಸ ಸಾಕಷ್ಟು ಇದ್ದಾಗ ಜನ ಊರಲ್ಲೇ ಇರುತ್ತಾರೆ, ಇಲ್ಲದಾಗ ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋಗುತ್ತಾರೆ. ಹುಳುವಿನದೂ ಅದೇ ಕಥೆ.

ಸಮುದ್ರ ದಾಟುವ ಹುಳು

ಇದು ಎಷ್ಟು ದೂರ ಗುಳೆ ಹೋಗುತ್ತೆ ಎಂದು ಮೊದಲು ಸರಿಯಾಗಿ ಗೊತ್ತಾದದ್ದು ಜಪಾನಿನಲ್ಲಿ. ಅಲ್ಲಿ 1732ರಲ್ಲಿ ಜಿಗಿಹುಳುಗಳ ಕಾಟದಿಂದ ಭತ್ತ ಹಾಳಾಗಿ ದೊಡ್ಡ ಬರಗಾಲವೇ ಬಂದಿತ್ತು. ಹಿಂದಿನ ಕಾಲದಲ್ಲಿ ಅಲ್ಲಿನ ರೈತರು ಗದ್ದೆಯ ನೀರಿನ ಮೇಲೆ ತಿಮಿಂಗಿಲದ ಎಣ್ಣೆ ಬಿಟ್ಟು, ಪೈರು ಬಡಿದು ಹುಳು ಉದುರಿಸುತ್ತಿದ್ದರು. ನಮ್ಮ ಕಡೆ ಮಾರಿಯನ್ನು ಊರ ಗಡಿ ದಾಟಿಸುವ ಹಾಗೆ, ಅವರು ಪಂಜು ಹಿಡಿದು, ಡೋಲು ಬಡಿದು, ಹುಲ್ಲಿನ ಗೊಂಬೆಯ ಜೊತೆ ಹುಳುವನ್ನು ಊರಾಚೆ ಕಳುಹಿಸುವ ಪದ್ಧತಿಯೂ ಇತ್ತು.

ಜಪಾನಿನ ಚಳಿಗಾಲದಲ್ಲಿ ಈ ಹುಳು ಬದುಕುವುದಿಲ್ಲ. ಆದರೂ ಪ್ರತಿ ವರ್ಷ ಮಳೆಗಾಲಕ್ಕೆ ಸರಿಯಾಗಿ ಎಲ್ಲಿಂದಲೋ ಬಂದುಬಿಡುತ್ತಿತ್ತು. ಎಲ್ಲಿಂದ ಎಂಬುದು ಬಹಳ ಕಾಲ ಒಗಟಾಗಿತ್ತು. 1967ರ ಜುಲೈನಲ್ಲಿ, ಕರಾವಳಿಯಿಂದ ಸುಮಾರು 500 ಕಿಲೋಮೀಟರ್ ದಕ್ಷಿಣಕ್ಕೆ ಸಮುದ್ರದ ನಡುವೆ ನಿಂತಿದ್ದ ಹವಾಮಾನ ಇಲಾಖೆಯ ಹಡಗಿನ ಸುತ್ತ ಜಿಗಿಹುಳುಗಳ ಹಿಂಡು ಕಾಣಿಸಿತು. ಸುತ್ತಮುತ್ತ ಎಲ್ಲೂ ಭತ್ತದ ಗದ್ದೆ ಇಲ್ಲ, ಬರೀ ನೀರು! ಆಗ ಗೊತ್ತಾಯಿತು, ಇವು ಗಾಳಿಯ ಮೇಲೆ ಸಮುದ್ರ ದಾಟಿ ಬರುತ್ತಿವೆ ಎಂದು.

ಇಷ್ಟು ಸಣ್ಣ ಹುಳು ತನ್ನ ಬಲದಿಂದಲೇ ಅಷ್ಟು ದೂರ ಹೋಗಲಾರದು. ಮುಸ್ಸಂಜೆ ಅಥವಾ ನಸುಕಿನಲ್ಲಿ ಗದ್ದೆಯಿಂದ ಮೇಲಕ್ಕೆ ಏರುತ್ತೆ, ಮೇಲಿನ ಜೋರು ಗಾಳಿಗೆ ಸೇರಿಕೊಳ್ಳುತ್ತೆ, ಗಾಳಿ ಕರೆದುಕೊಂಡು ಹೋದ ಕಡೆ ಇಳಿಯುತ್ತೆ. ವಸಂತ ಕಾಲದಲ್ಲಿ ವಿಯೆಟ್ನಾಂ ಕಡೆಯಿಂದ ದಕ್ಷಿಣ ಚೀನಾಕ್ಕೆ, ಅಲ್ಲಿ ಮರಿ ಮಾಡಿ ಜೂನ್-ಜುಲೈನಲ್ಲಿ ಚೀನಾದ ಉತ್ತರಕ್ಕೆ, ಜಪಾನಿಗೆ, ಕೊರಿಯಾಕ್ಕೆ. ಚಳಿ ಶುರುವಾಗುವ ಮೊದಲು ಗಾಳಿ ತಿರುಗಿದಾಗ ಕೆಲವು ದಕ್ಷಿಣಕ್ಕೆ ಮರಳುತ್ತವೆ.

ತಾಯಿಯ ಕಡೆಯ ಗುರುತು

ಹುಳುವಿನ ಕಾಲಿಗೆ ದಾರ ಕಟ್ಟಿ ಕಳಿಸುವುದಕ್ಕೆ ಆಗುವುದಿಲ್ಲವಲ್ಲ, ಹಾಗಾದರೆ ಇಂಥ ಕಡೆಯದೇ ಎಂದು ಹೇಗೆ ಹೇಳುತ್ತಾರೆ? ಅದಕ್ಕೆ ಡಿ.ಎನ್.ಎ. ಪರೀಕ್ಷೆ ಇದೆ. ಪ್ರತಿ ಜೀವಿಯ ದೇಹದ ಕಣಕಣದಲ್ಲೂ ಅದರ ವಂಶದ ಗುಣಗಳನ್ನು ಬರೆದಿಟ್ಟ ಹಾಗಿರುವ ವಸ್ತು ಡಿ.ಎನ್.ಎ. ಅದರಲ್ಲಿ ಒಂದು ಭಾಗ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತೆ. ಮುಂದೆ ಅದನ್ನು ದಾಟಿಸುವುದು ಹೆಣ್ಣುಮಕ್ಕಳು ಮಾತ್ರ. ದಕ್ಷಿಣ ಕನ್ನಡ, ಉಡುಪಿ ಕಡೆ ಅಳಿಯಸಂತಾನದವರಲ್ಲಿ ಬಳಿ ತಾಯಿಯ ಕಡೆಯಿಂದ ಬರುವುದನ್ನು ನೀವು ಕೇಳಿರಬಹುದು. ಹೆಚ್ಚುಕಡಿಮೆ ಹಾಗೆಯೇ. ಎರಡು ಊರಿನ ಹುಳುಗಳಲ್ಲಿ ಈ ತಾಯಿಯ ಗುರುತು ಒಂದೇ ಆಗಿದ್ದರೆ ಅವು ಒಂದೇ ಮೂಲದವು ಇರಬಹುದು ಎಂದು ಊಹಿಸಬಹುದು.

ಹೀಗೆ ಪರೀಕ್ಷಿಸಿದಾಗ ಕೊರಿಯಾದ ಹುಳುವಿನ ಗುರುತು ಚೀನಾದ ಹುಳುವಿನ ಗುರುತಿಗೆ ಹೊಂದಿಕೆಯಾಯಿತು. ಆದರೆ ಇಷ್ಟೊಂದು ಓಡಾಡಿ ಬೆರೆತುಹೋಗುವ ಹುಳುವಿನಲ್ಲಿ ಬರೀ ಒಂದು ಗುರುತಿನಿಂದ ಎಲ್ಲವನ್ನೂ ಹೇಳಲಾಗದು. 2014ರಲ್ಲಿ ಜಿಗಿಹುಳುವಿನ ಪೂರ್ತಿ ಡಿ.ಎನ್.ಎ. ಓದಿ ಮುಗಿಸಿದರು. ಅದರ ಸಹಾಯದಿಂದ ಬೇರೆ ಬೇರೆ ದೇಶಗಳ ಹುಳುಗಳನ್ನು ಹೋಲಿಸಿದ ಒಂದು ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಚೀನಾಕ್ಕೆ ಬರುವ ಹುಳು ಮುಖ್ಯವಾಗಿ ವಿಯೆಟ್ನಾಂ ಮತ್ತು ಅದರ ಸುತ್ತಲಿನ ದೇಶಗಳಿಂದ ಬರುತ್ತೆ, ಫಿಲಿಪೈನ್ಸಿನಿಂದ ಬರುವುದು ತೀರಾ ಕಡಿಮೆ ಎಂದು ಅದರಿಂದ ಸ್ಪಷ್ಟವಾಯಿತು. ಫಿಲಿಪೈನ್ಸ್ ಕೂಡ ಮುಖ್ಯ ಮೂಲ ಎಂದು ಮೊದಲು ತಿಳಿದಿದ್ದರು.

ನೋಡಲು ಒಂದೇ, ಗುಣ ಬೇರೆ

ಇದರಿಂದ ನಮಗೇನು ಎಂದು ನೀವು ಕೇಳಬಹುದು. ಇಲ್ಲೇ ಮುಖ್ಯವಾದ ವಿಷಯ ಇರುವುದು. ನೋಡುವುದಕ್ಕೆ ಎಲ್ಲ ಜಿಗಿಹುಳುವೂ ಒಂದೇ. ಆದರೆ ಯಾವ ತಳಿಯ ಭತ್ತವನ್ನು ತಿಂದು ಬದುಕಬಲ್ಲದು, ಯಾವ ವಿಷವನ್ನು ತಡೆದುಕೊಳ್ಳಬಲ್ಲದು ಎಂಬ ಗುಣ ಒಂದೊಂದು ಕಡೆ ಒಂದೊಂದು ತರ.

ಫಿಲಿಪೈನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1973ರಲ್ಲಿ ಐ.ಆರ್. 26 ಎಂಬ ತಳಿ ಕೊಟ್ಟಿತು. ಅದಕ್ಕೆ ಜಿಗಿಹುಳು ಬೀಳುವುದಿಲ್ಲ ಎಂದು ಫಿಲಿಪೈನ್ಸ್, ಇಂಡೋನೇಷ್ಯಾದ ರೈತರು ಊರೂರೇ ಅದನ್ನೇ ಬೆಳೆದರು. ಎರಡು ಮೂರು ವರ್ಷಗಳಲ್ಲೇ ಅದನ್ನೂ ತಿನ್ನುವ ಹುಳು ಹೆಚ್ಚಾಯಿತು. ಅದೇ ತಳಿ ನಮ್ಮ ಭಾರತದ ಮತ್ತು ಶ್ರೀಲಂಕಾದ ಜಿಗಿಹುಳುವನ್ನು ಮೊದಲಿನಿಂದಲೂ ತಡೆಯಲಿಲ್ಲ. ನಮ್ಮ ಕಡೆಯ ಹುಳುವಿನ ಗುಣವೇ ಬೇರೆ.

ಹಾಗಾದರೆ ತಡೆದದ್ದು ಯಾವುದು? 1973-74ರಲ್ಲಿ ಕೇರಳದ ಕುಟ್ಟನಾಡಿನಲ್ಲಿ ಈ ಹುಳು ಭಾರಿ ಹಾನಿ ಮಾಡಿತು. ಅದೇ ಕೇರಳದ ಪಟ್ಟಾಂಬಿ ಸಂಶೋಧನಾ ಕೇಂದ್ರದ ಪಿ.ಟಿ.ಬಿ. 33 ಎಂಬ ತಳಿ ಹಲವು ದೇಶಗಳ ಜಿಗಿಹುಳುವನ್ನು ತಡೆದು ನಿಂತಿತು. ಶ್ರೀಲಂಕಾದ ರತು ಹೀನಟಿ ಎಂಬ ನಾಟಿ ಭತ್ತವೂ ಹಾಗೆಯೇ. ಜಿಗಿಹುಳು ತಡೆಯುವ ಹೊಸ ತಳಿಗಳನ್ನು ಮಾಡಲು ವಿಜ್ಞಾನಿಗಳು ಇವೆರಡನ್ನೂ ಬಳಸಿದ್ದಾರೆ. ಹೀಗೆ ಹಿಂದಿನವರು ಕಾಪಾಡಿಕೊಂಡು ಬಂದ ಬೀಜವೇ ಕಷ್ಟಕಾಲಕ್ಕೆ ಆಸರೆಯಾಯಿತು. ಮನೆಯಲ್ಲಿ ಮಡಕೆಯಲ್ಲಿ, ಕಣಜದಲ್ಲಿ ಬೀಜ ಕಾಪಾಡುವವರು ಹೆಣ್ಣುಮಕ್ಕಳೇ ಅಲ್ಲವೇ!

ಔಷಧಿ ಹೊಡೆದರೂ ಯಾಕೆ ಸಾಯಲ್ಲ?

"ಸಿಸ್ಟರ್, ಹೋದ ವರ್ಷ ಹೊಡೆದ ಔಷಧಿಗೆ ಈ ವರ್ಷ ಹುಳ ಸಾಯ್ತಾನೇ ಇಲ್ಲ. ಹುಳಕ್ಕೆ ಅಭ್ಯಾಸ ಆಗಿಬಿಟ್ಟಿದೆ" ಎನ್ನುತ್ತೀರಿ. ಒಂದೊಂದು ಹುಳುವಿಗೆ ಅಭ್ಯಾಸ ಆಗುವುದರಿಂದ ಹೀಗಾಗುವುದಿಲ್ಲ. ಲಕ್ಷ ಹುಳುಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಆ ವಿಷವನ್ನು ತಡೆಯುವ ಗುಣ ಇರುತ್ತೆ. ನಾವು ವಿಷ ಹೊಡೆಯುವುದು ಜರಡಿ ಹಿಡಿದ ಹಾಗೆ. ತಡೆಯಲಾರದವು ಸಾಯುತ್ತವೆ, ತಡೆಯುವವು ಜರಡಿಯಲ್ಲಿ ಉಳಿಯುತ್ತವೆ. ಮುಂದಿನ ಸಂತಾನ ಉಳಿದವುಗಳದ್ದೇ. ಅದೇ ವಿಷ ಮತ್ತೆ ಮತ್ತೆ ಹೊಡೆದರೆ ಕೊನೆಗೆ ಗದ್ದೆಯಲ್ಲಿ ಇರುವುದೆಲ್ಲ ತಡೆಯುವ ಹುಳುವೇ. ಅದು ಉದ್ದ ರೆಕ್ಕೆ ಪಡೆದು ಹಾರಿ, ವಿಷವನ್ನೇ ಹೊಡೆಯದ ಗದ್ದೆಗೂ ಆ ಗುಣವನ್ನು ಹೊತ್ತುಕೊಂಡು ಹೋಗುತ್ತೆ.

ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ವಿಷಯದಲ್ಲಿ ಹೀಗೇ ಆಯಿತು. 1990ರ ದಶಕದಲ್ಲಿ ಬಂದಾಗ ಅದು ಜಿಗಿಹುಳುವಿಗೆ ರಾಮಬಾಣ ಎನಿಸಿಕೊಂಡಿತ್ತು. 2005ರ ಹೊತ್ತಿಗೆ ವಿಯೆಟ್ನಾಂ, ಚೀನಾ, ಜಪಾನ್ ಮೂರೂ ಕಡೆ ಅದನ್ನು ತಡೆಯುವ ಹುಳು ಕಾಣಿಸಿಕೊಂಡಿತು. ಒಂದೇ ಗಾಳಿಯ ದಾರಿಯಲ್ಲಿರುವ ದೇಶಗಳಲ್ಲವೇ? ಆ ದಾರಿಗೆ ಸೇರದ ಫಿಲಿಪೈನ್ಸಿನ ಹುಳು ಬೇರೆಯಾಗಿಯೇ ಇತ್ತು. ನಮ್ಮ ಕರ್ನಾಟಕದಲ್ಲೂ ಗಂಗಾವತಿ, ಕತ್ತಲಗೆರೆ, ಮಂಡ್ಯ, ಕೊಳ್ಳೇಗಾಲ, ಸೊರಬದ ಜಿಗಿಹುಳುಗಳನ್ನು ತಂದು ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. ಒಂದೊಂದು ಊರಿನ ಹುಳು ಕೀಟನಾಶಕಗಳನ್ನು ತಡೆಯುವ ಶಕ್ತಿ ಒಂದೊಂದು ತರ ಇತ್ತು. ಆದ್ದರಿಂದ ಬೇರೆ ಊರಿನ ನೆಂಟರು ಹೇಳಿದ ಔಷಧಿ ನಮ್ಮ ಊರಲ್ಲಿ ಕೆಲಸ ಮಾಡುತ್ತೆ ಎಂದು ಹೇಳಲಾಗದು.

ಇನ್ನೊಂದು ನಷ್ಟವೂ ಇದೆ. ನಾವು ಔಷಧಿ ಎನ್ನುವ ವಿಷ ಜೇಡವನ್ನೂ ಕೊಲ್ಲುತ್ತೆ. ಜಿಗಿಹುಳುವಿನ ಮೊಟ್ಟೆ ಹೀರುವ ಹಸಿರು ಮಿರಿಡ್ ತಿಗಣೆಯನ್ನೂ ಕೊಲ್ಲುತ್ತೆ. ಆಗ ಮೊದಲು ಹೇಳಿದ ಲೆಕ್ಕ 250ರಿಂದ 2000ಕ್ಕೆ ಏರುತ್ತೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದವನ್ನು ಭತ್ತಕ್ಕೆ ಹೊಡೆದ ಮೇಲೆ ಜಿಗಿಹುಳು ಕಡಿಮೆಯಾಗುವ ಬದಲು ಹೆಚ್ಚಾಗುವುದು ಇದೇ ಕಾರಣಕ್ಕೆ.

ಇಂಡೋನೇಷ್ಯಾ ಸರ್ಕಾರ ಇದನ್ನು ಅರಿತು 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. 1989ರಿಂದ ರೈತರ ಕ್ಷೇತ್ರ ಪಾಠಶಾಲೆಗಳು ಶುರುವಾದವು. ರೈತರು ಗುಂಪಾಗಿ ವಾರಕ್ಕೊಮ್ಮೆ ಗದ್ದೆಗೇ ಹೋಗಿ, ಹುಳು ಎಷ್ಟು, ಜೇಡ ಎಷ್ಟು ಎಂದು ಎಣಿಸಿ, ಕೂತು ಚರ್ಚಿಸಿ ತೀರ್ಮಾನ ಮಾಡುತ್ತಿದ್ದರು. ವಿಷದ ಖರ್ಚು ಇಳಿಯಿತು, ಭತ್ತದ ಇಳುವರಿ ಇಳಿಯಲಿಲ್ಲ. ನಮ್ಮ ನೆರೆಯ ಆಂಧ್ರದಲ್ಲೂ 2004ರ ನಂತರ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟಗಳ ಮೂಲಕವೇ ಕೀಟನಾಶಕವಿಲ್ಲದ ಬೇಸಾಯ ಹಳ್ಳಿಹಳ್ಳಿಗೆ ಹರಡಿತು. ವಾರದ ಸಭೆ ನಮಗೂ ಇದೆ. ನಾವೂ ಮಾಡಬಹುದು.

ಹಾಗಾದರೆ ಯಾರ ಗದ್ದೆಯದು?

ನಮ್ಮ ಕಡೆ ಜಪಾನಿನಂಥ ಚಳಿ ಇಲ್ಲ. ತುಂಗಭದ್ರಾ, ಭದ್ರಾ ನೀರಾವರಿ ಪ್ರದೇಶದಲ್ಲಿ ನೀರು ಸಿಕ್ಕಿದರೆ ಮುಂಗಾರು, ಬೇಸಿಗೆ ಎರಡೂ ಬೆಳೆ ಭತ್ತವೇ. ಹುಳುವಿಗೆ ವರ್ಷಪೂರ್ತಿ ಊಟ. ಆದ್ದರಿಂದ ಇಲ್ಲಿ ಊರಿನ ಹುಳುವೂ ಇರುತ್ತೆ, ಗಾಳಿಯ ಮೇಲೆ ಬಂದದ್ದೂ ಇರುತ್ತೆ. ರಾತ್ರಿ ಬೀದಿದೀಪಕ್ಕೆ ಮುತ್ತುವ ಉದ್ದ ರೆಕ್ಕೆಯ ಹುಳು ಯಾವ ಗದ್ದೆಯಲ್ಲಿ ಹುಟ್ಟಿತು ಎಂದು ಯಾರೂ ಹೇಳಲಾರರು. ಪಕ್ಕದ ಮನೆಯ ಅಕ್ಕನ ಗದ್ದೆಯದೇ ಎಂದು ಹೇಳುವುದು ನ್ಯಾಯವಲ್ಲ. ದೃಷ್ಟಿ, ಮಾಟ ಎಂದು ಒಬ್ಬ ಹೆಣ್ಣುಮಗಳ ಮೇಲೆ ಹೊರಿಸುವುದಂತೂ ಪಾಪದ ಕೆಲಸ. ಹುಳು ಬರುವುದನ್ನು ನಾವು ತಡೆಯಲಾರೆವು. ಬಂದದ್ದು ಗಿಡ್ಡ ರೆಕ್ಕೆಯ ಸಂಸಾರ ಹೂಡಿ ಬೆಳೆಯದಂತೆ ಮಾಡುವುದು ನಮ್ಮ ಕೈಯಲ್ಲಿದೆ. ಆದರೆ ಒಬ್ಬರ ಗದ್ದೆಯಲ್ಲಿ ಮಾತ್ರ ಮಾಡಿದರೆ ಸಾಲದು.

ಸಂಘವಾಗಿ ನಾವು ಏನು ಮಾಡಬಹುದು?

1. ಒಂದು ಬಯಲಿನವರೆಲ್ಲ ಮಾತಾಡಿಕೊಂಡು ಎರಡು ಮೂರು ವಾರದೊಳಗೆ ನಾಟಿ ಮುಗಿಸಿ. ಮುಂದೆ ಹಿಂದೆ ನಾಟಿ ಮಾಡಿದರೆ ಹುಳುವಿಗೆ ಒಂದು ಗದ್ದೆ ಮುಗಿಯುವಾಗ ಇನ್ನೊಂದು ಸಿದ್ಧವಾಗಿರುತ್ತೆ.

2. ಇಡೀ ಬಯಲಿಗೆ ಒಂದೇ ತಳಿ ಬೇಡ. ಸಾಂಬಾ ಮಸೂರಿ (ಬಿ.ಪಿ.ಟಿ. 5204) ತಳಿಗೆ ಜಿಗಿಹುಳು ಬೇಗ ಬೀಳುತ್ತೆ. ಎಂ.ಟಿ.ಯು. 1001, ಎಂ.ಟಿ.ಯು. 1010 ತಕ್ಕಮಟ್ಟಿಗೆ ತಡೆಯುವಂಥವು. ನಿಮ್ಮ ಊರಿಗೆ ಯಾವುದು ಸರಿ ಎಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಮನೆಯಲ್ಲಿ ನಾಟಿ ತಳಿ ಇದ್ದರೆ ಬಿಡಬೇಡಿ.

3. ನಾಟಿ ಮಾಡುವಾಗ ಪ್ರತಿ ಎಂಟು-ಹತ್ತು ಅಡಿಗೆ ಒಂದು ಅಡಿ ಜಾಗ ಖಾಲಿ ಬಿಡಿ. ಬುಡಕ್ಕೆ ಗಾಳಿ ಬೆಳಕು ಆಡಿದರೆ ಹುಳುವಿಗೆ ಆಗುವುದಿಲ್ಲ. ನಾಟಿಗೆ ಇಳಿಯುವವರು ನಾವೇ, ಇದು ನಮ್ಮ ಕೈಯಲ್ಲೇ ಇದೆ.

4. ಯೂರಿಯಾ ಒಂದೇ ಸಲ ಸುರಿಯಬೇಡಿ. ಪೈರು ಅತಿ ಹಸಿರಾದರೆ ಹುಳುವಿಗೆ ಹಬ್ಬದೂಟ. ಹೇಳಿದಷ್ಟನ್ನೇ ಎರಡು ಮೂರು ಕಂತಿನಲ್ಲಿ ಕೊಡಿ.

5. ಹುಳು ಕಂಡರೆ ಮೂರು ನಾಲ್ಕು ದಿನ ಗದ್ದೆಯ ನೀರು ಬಸಿಯಿರಿ.

6. ವಾರಕ್ಕೊಮ್ಮೆ ಗದ್ದೆಗೆ ಇಳಿದು, ಅಲ್ಲಲ್ಲಿ ಹತ್ತು ಬುಡ ಆರಿಸಿ, ಪೈರನ್ನು ಬಗ್ಗಿಸಿ ಮೆಲ್ಲಗೆ ತಟ್ಟಿ. ನೀರಿಗೆ ಬಿದ್ದ ಹುಳು ಎಣಿಸಿ. ಜೇಡವನ್ನೂ ಎಣಿಸಿ. ಒಂದು ಬುಡಕ್ಕೆ ಹತ್ತು ಹುಳು ತಲುಪುವ ಮೊದಲು ವಿಷದ ಅಗತ್ಯವಿಲ್ಲ.

7. ಹೊಡೆಯಲೇಬೇಕಾದರೆ ಅಂಗಡಿಯವರ ಮಾತು ಸಾಲದು. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಬುಡಕ್ಕೆ ಬೀಳುವ ಹಾಗೆ ಹೊಡೆಸಿ. ಅದೇ ಗುಂಪಿನ ವಿಷ ಪದೇ ಪದೇ ಬೇಡ. ಬಸುರಿಯರು, ಎಳೆ ಮಕ್ಕಳ ತಾಯಂದಿರು ವಿಷ ಕಲಸುವುದು ಬೇಡವೇ ಬೇಡ.

ಸಂಘದ ಮುಂದೆ ಒಂದು ಸಲಹೆ ಇಡುತ್ತೇನೆ. ಯಾರಾದರೂ ಔಷಧಿಗೆಂದು ಸಾಲ ಕೇಳಿದರೆ, ಮಂಜೂರು ಮಾಡುವ ಮೊದಲು ಇಬ್ಬರು ಸದಸ್ಯೆಯರು ಆ ಗದ್ದೆಗೆ ಹೋಗಿ ಹುಳು ಎಣಿಸಿ ಬರಲಿ. ಬೇಕಿದ್ದರೆ ಸಾಲ ಕೊಡೋಣ. ಬೇಡವಾದರೆ ಆ ಸಹೋದರಿಯ ಹಣವೂ ಉಳಿಯಿತು, ಜೇಡವೂ ಉಳಿಯಿತು.

ಸಭೆಯಲ್ಲಿ ಚರ್ಚಿಸಿ

* ಹೋದ ವರ್ಷ ನಮ್ಮ ಸಂಘದಿಂದ ಔಷಧಿಗೆ ಎಷ್ಟು ಸಾಲ ಹೋಯಿತು? ಪುಸ್ತಕ ತೆಗೆದು ಲೆಕ್ಕ ಹಾಕಿ.
* ನಮ್ಮ ಬಯಲಿನಲ್ಲಿ ಎಷ್ಟು ತಳಿ ಭತ್ತ ಬೆಳೆಯುತ್ತಿದ್ದೇವೆ? ಅಜ್ಜಿಯ ಕಾಲದಲ್ಲಿ ಎಷ್ಟಿದ್ದವು?
* ಹುಳುವಿನ ವಿಷಯಕ್ಕೆ ನಮ್ಮಲ್ಲಿ ಯಾರಾದರೂ ಮಾತು ಬಿಟ್ಟಿದ್ದಾರೆಯೇ? ಅವರನ್ನು ಮತ್ತೆ ಕೂಡಿಸಲು ಏನು ಮಾಡೋಣ?

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಹತ್ತು ಬುಡದ ಲೆಕ್ಕ ಬರೆದುಕೊಂಡು ಬನ್ನಿ. ಓದು ಬಾರದವರು ಕಾಳು ಎಣಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದರೂ ಸರಿ. ದೇವರು ನಿಮ್ಮ ದುಡಿಮೆಯನ್ನೂ ನಿಮ್ಮ ಮನೆಗಳನ್ನೂ ಆಶೀರ್ವದಿಸಲಿ.

ನಿಮ್ಮ ಪ್ರೀತಿಯ ಸಿಸ್ಟರ್